ಕಾರ್ಮೆನ್ ಹಾಡುಗಳನ್ನು ಸೆಲ್ಲೊ-ಪಿಯಾನೊಗೆ ಅಳವಡಿಸುತ್ತಿದ್ದೇನೆ, ಆದರೆ ಬರೀ ಮೆಡ್ಲಿ ಆಗುತ್ತಿದೆ

ಮಂದ್ರ_ತಂತಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಓದಿ.

ನಾನು ಬೆಂಗಳೂರಿನಲ್ಲಿ ಹವ್ಯಾಸಕ್ಕೆ ಸೆಲ್ಲೊ ನುಡಿಸುವವಳು. ಚಿಕ್ಕಪ್ಪನ ಮಗಳು ಪಿಯಾನೊ ನುಡಿಸುತ್ತಾಳೆ, ನನಗಿಂತ ಎಷ್ಟೋ ಚೆನ್ನಾಗಿ. ಇನ್ನು ಮೂರು ತಿಂಗಳಿಗೆ ಒಂದು ಸಣ್ಣ ಹಾಲ್‌ನಲ್ಲಿ ನಮ್ಮಿಬ್ಬರದೇ ಕಾರ್ಯಕ್ರಮ ಇದೆ. ಐವತ್ತು ಜನ ಬಂದರೆ ಹೆಚ್ಚು, ಅದರಲ್ಲಿ ಅರ್ಧ ನೆಂಟರು. ಮೊದಲು ಒಂದು ಬ್ರಾಮ್ಸ್ ಸೊನಾಟಾ. ಅದನ್ನು ಕೇಳಿ ಸುಸ್ತಾದವರಿಗೆ ಕೊನೆಯಲ್ಲಿ ಕಿವಿಗೆ ಪರಿಚಯ ಇರುವ ಮಟ್ಟು ಏನಾದರೂ ಕೊಡೋಣ ಅಂತ ಬಿಜೆಯ 'ಕಾರ್ಮೆನ್' ಒಪೆರಾದಿಂದ ನಾಲ್ಕು ಹಾಡು ತೆಗೆದುಕೊಂಡು ಒಂಬತ್ತು ನಿಮಿಷದ ಫ್ಯಾಂಟಸಿ (ಮಟ್ಟುಗಳನ್ನು ಹೆಣೆದು ಮಾಡುವ ಕೃತಿ) ಒಂದನ್ನು ನಾನೇ ಬರೆಯಲು ಕೂತೆ.

ಮಾಡಿದ್ದು ಇಷ್ಟು. ಹಾಡುಗಾರರು ಅಭ್ಯಾಸಕ್ಕೆ ಬಳಸುವ ಪಿಯಾನೊ ಸ್ಕೋರ್ ಇಳಿಸಿಕೊಂಡೆ. ಹಾಡಿನ ಸಾಲನ್ನು ಸೆಲ್ಲೊಗೆ ಹಾಕಿದೆ, ಹೆಂಗಸಿನ ದನಿಯದ್ದಾದರೆ ಒಂದು ಸ್ಥಾಯಿ ಕೆಳಗೆ. ಅದರ ಕೆಳಗಿನ ಪಿಯಾನೊ ಭಾಗ ಹೇಗಿತ್ತೋ ಹಾಗೇ ಇಟ್ಟೆ. ಮೊದಲು ನಾಯಕಿ ಕಾರ್ಮೆನ್ ಹಾಡುವ ಹಬನೇರಾ, ಆಮೇಲೆ ಗೂಳಿ ಕಾಳಗದವನ ಟೊರಿಯಡೋರ್ ಹಾಡು, ಆಮೇಲೆ ಅವಳನ್ನು ಪ್ರೀತಿಸುವ ಸೈನಿಕ ಡಾನ್ ಹೊಸೆಯ ಹೂವಿನ ಹಾಡು, ಕೊನೆಗೆ ಎರಡನೇ ಅಂಕದ ಶುರುವಿನಲ್ಲಿ ಬರುವ ಜಿಪ್ಸಿ ಕುಣಿತ. ಸೆಲ್ಲೊದಲ್ಲಿ ಡಿ ಚೆನ್ನಾಗಿ ಮೊಳಗುತ್ತದೆ ಅಂತ ಎಲ್ಲವನ್ನೂ ಡಿ ಶ್ರುತಿಗೆ ಎಳೆದು ತಂದೆ.

ಹೋದ ಭಾನುವಾರ ಮನೆಯವರ ಮುಂದೆ ನುಡಿಸಿದೆವು. ಚಿಕ್ಕಪ್ಪ ಕೈ ತಟ್ಟಿ, "ಚೆನ್ನಾಗಿದೆ ಕಣಮ್ಮ, ಗಣೇಶನ ಹಬ್ಬದ ಆರ್ಕೆಸ್ಟ್ರಾ ಇದ್ದ ಹಾಗಿದೆ" ಅಂದರು. ಅವರು ಹೊಗಳಿದ್ದೇ ಇರಬೇಕು, ಆದರೆ ನನಗೆ ಚುಚ್ಚಿತು. ಯಾಕಂದರೆ ನಿಜ. ಒಂದು ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ, ಅಷ್ಟೇ.

ಇನ್ನೂ ಮೂರು ತೊಂದರೆ ಇವೆ. ಹಬನೇರಾ ನನ್ನ ಕೈಯಲ್ಲಿ ಸ್ಕೇಲ್ ಅಭ್ಯಾಸದ ಹಾಗೆ ಕೇಳುತ್ತದೆ, ಹಾಡುಗಾರ್ತಿ ಬಾಯಲ್ಲಿ ಇರುವ ಆ ಕೊಂಕು ಇಲ್ಲವೇ ಇಲ್ಲ. ಪಿಯಾನೊ ಜಾಸ್ತಿ ಆಗಿ ಎಷ್ಟೋ ಕಡೆ ನಾನು ಕೇಳಿಸುವುದೇ ಇಲ್ಲ, ತಂಗಿ ಪಾಪ ಮೆತ್ತಗೇ ನುಡಿಸುತ್ತಿದ್ದಾಳೆ. ಮತ್ತೆ ಹೂವಿನ ಹಾಡಿನ ತುದಿಯ ಸ್ವರದ ಹತ್ತಿರ ಬಂದಾಗೆಲ್ಲ ಕೈ ನಡುಗುತ್ತದೆ.

ಎಲ್ಲಿಂದ ಸರಿ ಮಾಡಲಿ? ಎಲ್ಲ ಹರಿದು ಹಾಕಿ ಮತ್ತೆ ಶುರು ಮಾಡಿ ಅಂದರೂ ಸರಿ.

ಚಿತ್ರಾನ್ನ_ಪ್ರಿಯ:

ಬರೆಯುವ ತಲೆನೋವು ಯಾಕೆ? ಸಾರಾಸಾತೆ ಬರೆದ ಕಾರ್ಮೆನ್ ಫ್ಯಾಂಟಸಿ ಇದೆಯಲ್ಲ, ಸುಮ್ನೆ ಅದನ್ನೇ ನುಡಿಸಿ.

ಮಂದ್ರ_ತಂತಿ:

ಅದು ಪಿಟೀಲಿಗೆ ಬರೆದದ್ದು ಸರ್. ಸೆಲ್ಲೊದಲ್ಲೂ ಕೆಲವರು ನುಡಿಸುತ್ತಾರೆ, ಅವರ ಕೈ ಬೇರೆ, ನನ್ನ ಕೈ ಬೇರೆ. ಮೂರು ತಿಂಗಳಲ್ಲ, ಮೂರು ಜನ್ಮ ಬೇಕು.

ಮೈನ್_ದಂಡೆ:

ಮೊದಲೇ ಹೇಳಿಬಿಡುತ್ತೇನೆ, ನಾನು ಜರ್ಮನಿಯಲ್ಲಿ ಒಪೆರಾ ಪಿಟ್‌ನಲ್ಲಿ, ಅಂದರೆ ವೇದಿಕೆ ಮುಂದಿನ ವಾದ್ಯದವರ ಗುಂಡಿಯಲ್ಲಿ ಕೂತು ಸೆಲ್ಲೊ ನುಡಿಸುವವನು. ಕಾರ್ಮೆನ್ ಎಷ್ಟು ಸಲ ನುಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ನನ್ನ ಮಾತು ಗುಂಡಿಯೊಳಗಿಂದ ಬರುವ ಮಾತು.

ಹಬನೇರಾ ಶುರುವಾದಾಗ ನಾವು ಸೆಲ್ಲೊದವರು ಏನು ಮಾಡುತ್ತೇವೆ ಗೊತ್ತಾ? ಡಿ, ಎ, ಎಫ್, ಎ. ಮತ್ತೆ ಡಿ, ಎ, ಎಫ್, ಎ. ಅದೇ ಕುಂಟು ನಡೆ, ಹಾಡು ಮುಗಿಯುವವರೆಗೂ. ಮೈನರ್ ಹೋಗಿ ಮೇಜರ್ ಬಂದರೂ ಕೆಳಗಿನ ಡಿ ಮಾತ್ರ ಅಲುಗುವುದಿಲ್ಲ. ಆ ಹಾಡಿನ ಅರ್ಧ ಮಜಾ ಆ ಹಟದಲ್ಲಿದೆ. ಮೇಲೆ ಅವಳು ಅರ್ಧರ್ಧ ಸ್ವರ ಜಾರುತ್ತಾ ಇಳಿಯುತ್ತಾಳೆ, ಕೆಳಗೆ ನೆಲ ಮಾತ್ರ ಗಟ್ಟಿ. ನೀವು ಏನು ಮಾಡಿದ್ದೀರಿ? ಸೆಲ್ಲೊದ ಕೈಯಿಂದ ಅದರದ್ದೇ ಆಟಿಕೆ ಕಿತ್ತುಕೊಂಡು ಪಿಯಾನೊಗೆ ಕೊಟ್ಟಿದ್ದೀರಿ. ಬದಲಿಗೆ ಮಾತೇ ಇಲ್ಲದ ಹಾಡಿನ ಸಾಲು ಇಟ್ಟುಕೊಂಡಿದ್ದೀರಿ. ಸ್ಕೇಲ್ ತರಹ ಕೇಳದೆ ಇನ್ನೇನು? ಮಾತು ತೆಗೆದರೆ ಅದು ನಿಜಕ್ಕೂ ಇಳಿಯುವ ಸ್ಕೇಲ್ ತಾನೇ.

ಅದಕ್ಕೇ ನನ್ನ ಒಂದೇ ಪ್ರಶ್ನೆ. ನಿಮ್ಮ ಸೆಲ್ಲೊ ಈ ಕಥೆಯಲ್ಲಿ ಯಾರು?

ನಿಮ್ಮ ಕರಡಿನಲ್ಲಿ ಅದು ಮೊದಲು ಕಾರ್ಮೆನ್, ಆಮೇಲೆ ಗೂಳಿ ಕಾಳಗದವನು, ಆಮೇಲೆ ಹೊಸೆ, ಮತ್ತೆ ಕಾರ್ಮೆನ್. ಒಬ್ಬನೇ ನಟ ನಾಲ್ಕು ಸಲ ವೇಷ ಬದಲಿಸಿ ಓಡಿ ಬಂದ ಹಾಗೆ. ನಿಮ್ಮ ಚಿಕ್ಕಪ್ಪ ಹೇಳಿದ ಆರ್ಕೆಸ್ಟ್ರಾ ಇದೇ. ಸಾರಾಸಾತೆಯ ಫ್ಯಾಂಟಸಿಯನ್ನು ಮತ್ತೊಂದು ಸಲ ಕೇಳಿ ನೋಡಿ. ಅದರಲ್ಲಿ ಟೊರಿಯಡೋರ್ ಇಲ್ಲ. ಹೂವಿನ ಹಾಡೂ ಇಲ್ಲ. ನಾಲ್ಕನೇ ಅಂಕದ ಮುಂಚಿನ ಕುಣಿತದ ಸಂಗೀತ, ಹಬನೇರಾ, ಅವಳು ಸೈನ್ಯದ ಅಧಿಕಾರಿಯನ್ನು ಅಣಕಿಸುವ ತ್ರ ಲ ಲ, ಸೆಗಿಡಿಯಾ, ಜಿಪ್ಸಿ ಹಾಡು. ಕುಣಿತ ಬಿಟ್ಟರೆ ಎಲ್ಲ ಅವಳದ್ದೇ ಬಾಯಿ. ಜನರಿಗೆ ತೀರಾ ಇಷ್ಟವಾದ ಎರಡು ಮಟ್ಟುಗಳನ್ನು ಅವನು ಬಿಟ್ಟೇ ಬಿಟ್ಟ. ಬಿಟ್ಟದ್ದಕ್ಕೇ ಅದು ಒಂದು ಕೃತಿ ಆಯಿತು ಅಂತ ನನಗೆ ಅನಿಸುತ್ತದೆ.

ಪಿಟೀಲು ಕಾರ್ಮೆನ್ ಆಗಬಹುದು. ಸೆಲ್ಲೊ ನನ್ನ ಕಿವಿಗೆ ಹೊಸೆ. ಟೆನರ್, ಅಂದರೆ ಗಂಡಸಿನ ಎತ್ತರದ ದನಿ, ಹಾಡುವ ಎತ್ತರ ಸರಿಯಾಗಿ ನಮ್ಮ ಎ ತಂತಿಯ ಮೇಲೆ ಕೂರುತ್ತದೆ, ಸ್ಥಾಯಿ ಬದಲಿಸುವುದೂ ಬೇಡ.

ಈಗ ಮೊದಲನೇ ಅಂಕ ನೆನಪು ಮಾಡಿಕೊಳ್ಳಿ. ಕಾರ್ಮೆನ್ ಹಬನೇರಾ ಹಾಡುವಾಗ ಎಲ್ಲ ಗಂಡಸರೂ ಅವಳ ಸುತ್ತ. ಹೊಸೆ ಒಬ್ಬ ಮಾತ್ರ ಒಂದು ಪಕ್ಕದಲ್ಲಿ ಕೂತು ತನ್ನ ಬಂದೂಕಿನ ಸೂಜಿಗೆ ಸರಪಳಿ ಹೆಣೆಯುತ್ತಿರುತ್ತಾನೆ, ತಲೆ ಎತ್ತುವುದಿಲ್ಲ. ಹಾಡು ಮುಗಿದ ಮೇಲೆ ಅವಳು ಬಂದು ಹೂವು ಎಸೆಯುತ್ತಾಳೆ. ಹಾಗಾದರೆ ಹಬನೇರಾದ ಮಟ್ಟು ಪಿಯಾನೊದ ಬಲಗೈಗೆ ಕೊಡಿ. ಸೆಲ್ಲೊ ಡಿ, ಎ, ಎಫ್, ಎ ಹೆಣೆಯುತ್ತಾ ಕೂತಿರಲಿ. ಡಿ, ಎ ಎರಡೂ ನಿಮ್ಮ ಓಪನ್ ತಂತಿಗಳು, ಬೆರಳು ಒತ್ತದೆಯೇ ನುಡಿಯುತ್ತವೆ, ಕಮಾನು ಬೇಡ ಅನಿಸಿದರೆ ಬೆರಳಲ್ಲಿ ಮೀಟಿ. ತಲೆ ಎತ್ತದ ಹುಡುಗ. ಒಂದೇ ಚರಣ ಸಾಕು, ಎರಡನೆಯದು ಮಾತು ಬೇರೆ, ಮಟ್ಟು ಅದೇ. ಹೂವು ಬಿದ್ದ ಕ್ಷಣಕ್ಕೆ ಸೆಲ್ಲೊ ಮೊದಲ ಸಲ ಬಾಯಿ ಬಿಡಲಿ.

ಏನು ನುಡಿಸಬೇಕು ಅಂದರೆ, ಅದೂ ಬಿಜೆಯೇ ಕೊಟ್ಟಿದ್ದಾನೆ. ಒಪೆರಾಕ್ಕೆ ಮುನ್ನುಡಿಯಾದ ಪ್ರಿಲ್ಯೂಡಿನ ಕೊನೆಯಲ್ಲಿ ಟ್ರೆಮೊಲೊ (ಕಮಾನಿನ ನಡುಕ) ಮೇಲೆ ಬರುವ ಆ ವಿಧಿಯ ಮಟ್ಟು. ಅದನ್ನು ನುಡಿಸುವವರಲ್ಲಿ ಸೆಲ್ಲೊಗಳೂ ಇದ್ದೇವೆ. ಹೂವಿನ ಹಾಡು ಶುರುವಾಗುವ ಮೊದಲು ಅದೇ ಮಟ್ಟು ಕೋರ್ ಆಂಗ್ಲೆ ಎಂಬ ಊದುವ ವಾದ್ಯದಲ್ಲಿ ಮತ್ತೆ ಬರುತ್ತದೆ. ಒಪೆರಾದ ಕೊನೆಯಲ್ಲೂ ಬರುತ್ತದೆ. ನಿಮ್ಮ ನಾಲ್ಕು ಹಾಡುಗಳ ಮಧ್ಯೆ ಅಂಟು ಬೇಕಿತ್ತಲ್ಲ, ಅಲ್ಲೇ ಇದೆ.

ಟೊರಿಯಡೋರ್ ಬಗ್ಗೆ ಒಂದು ಮಾತು. ಸೆಲ್ಲೊದಲ್ಲಿ ಅದನ್ನು ನುಡಿಸಲೇಬೇಡಿ. ಕೊನೇ ಅಂಕದಲ್ಲಿ ಹೊಸೆ ಮತ್ತು ಕಾರ್ಮೆನ್ ಕಾಳಗದ ಅಖಾಡದ ಹೊರಗೆ ನಿಂತಿರುತ್ತಾರೆ, ಒಳಗಿಂದ ಜನ ಟೊರಿಯಡೋರ್ ಹಾಡು ಕೂಗುತ್ತಿರುವಾಗಲೇ ಅವಳನ್ನು ಅವನು ಕೊಲ್ಲುತ್ತಾನೆ. ಆ ಹಾಡು ಅಲ್ಲಿ ಬೇರೆಯವರ ಸಂಭ್ರಮ. ಪಿಯಾನೊ ಮೇಲಿನ ಸ್ಥಾಯಿಯಲ್ಲಿ ದೂರದಿಂದ ಬಂದ ಹಾಗೆ ಅದನ್ನು ನುಡಿಸಲಿ, ಕೆಳಗೆ ಸಿ ತಂತಿ ಮೇಲೆ ನೀವು ವಿಧಿಯ ಮಟ್ಟು ನುಡಿಸಿ. ಎರಡೂ ಒಂದಕ್ಕೊಂದು ಹೊಂದಬಾರದು. ಹೊಂದದೆ ಇರುವುದೇ ಅಲ್ಲಿಯ ಕಥೆ.

ಶ್ರುತಿ ವಿಷಯ ಆಮೇಲೆ ಬರೆಯುತ್ತೇನೆ, ರಿಹರ್ಸಲ್‌ಗೆ ಹೊತ್ತಾಯಿತು.

ಕಪ್ಪು_ಬಿಳಿ_ಮನೆ:

ಮೇಲಿನವರು ಸೆಲ್ಲೊದವರ ಪಕ್ಷ, ನಾನು ಪಿಯಾನೊದವರ ಪಕ್ಷ. ಹಾಡುಗಾರರ ಜೊತೆ ಅಭ್ಯಾಸಕ್ಕೆ ನುಡಿಸಿ ಹೊಟ್ಟೆ ಹೊರೆದವನು.

ತಂಗಿ ಮೆತ್ತಗೆ ನುಡಿಸಿದರೂ ನೀವು ಮುಳುಗುವುದಕ್ಕೆ ಕಾರಣ ಅವರಲ್ಲ, ಆ ಸ್ಕೋರ್. ಅದು ಕಛೇರಿಗೆ ಬರೆದದ್ದೇ ಅಲ್ಲ. ಹಾಡುಗಾರ ದಾರಿ ತಪ್ಪದಿರಲಿ ಅಂತ ಇಡೀ ಆರ್ಕೆಸ್ಟ್ರಾವನ್ನು ಎರಡು ಕೈಗೆ ತುರುಕಿರುತ್ತಾರೆ. ತಂತಿಗಳ ಟ್ರೆಮೊಲೊ ಇದ್ದ ಕಡೆ ಪಿಯಾನೊದಲ್ಲೂ ಗಡಗಡ ನಡುಕ. ಅಲ್ಲಿ ನೂರು ಕೂದಲೆಳೆ ಅಲ್ಲಾಡಿದ ಹಾಗೆ ಇದ್ದದ್ದು ಇಲ್ಲಿ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಆಗುತ್ತದೆ. ಜೊತೆಗೆ ಹಾಡಿನ ಮಟ್ಟನ್ನೇ ಪಿಯಾನೊ ಎಷ್ಟೋ ಕಡೆ ಕೂಡಿಸಿ ನುಡಿಸುತ್ತದೆ. ಹಾಡುಗಾರರಿಗೆ ಅದು ಊರುಗೋಲು, ನಿಮಗೆ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ.

ಇನ್ನೊಂದು ಮುಖ್ಯ. ಹೆಂಗಸಿನ ದನಿ ಪಿಯಾನೊದ ನಡುಭಾಗದ ಮೇಲೆ ತೇಲುತ್ತದೆ. ನೀವು ಅದನ್ನೇ ಒಂದು ಸ್ಥಾಯಿ ಇಳಿಸಿದಿರಿ. ಈಗ ನಿಮ್ಮ ಸ್ವರವೂ ತಂಗಿಯ ಎಡಗೈ ಹೆಬ್ಬೆರಳೂ ಒಂದೇ ಕೋಣೆಯಲ್ಲಿ ಕೂತಿವೆ. ಎಷ್ಟು ಮೆತ್ತಗೆ ನುಡಿಸಿದರೂ ಅಲ್ಲಿ ಜಾಗ ಇಲ್ಲ. ಸೆಲ್ಲೊ ನಡುವೆ ಹಾಡುವಾಗ ಪಿಯಾನೊ ಎರಡು ಕೈಯನ್ನೂ ದೂರ ಮಾಡಲಿ, ಎಡಗೈ ತೀರಾ ಕೆಳಗೆ, ಬಲಗೈ ಮೇಲೆ, ನಡುವೆ ಬಯಲು. ಬರೆದು ನೋಡಿ, ಸ್ವರ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಕೇಳಲು ತುಂಬಿಕೊಂಡೇ ಇರುತ್ತದೆ. ಟ್ರೆಮೊಲೊ ಎಲ್ಲ ಹೊಡೆದು ಹಾಕಿ. ಒಂದು ಆಳದ ಆಕ್ಟೇವ್, ಪೆಡಲ್, ಅದರ ಮೇಲೆ ನಿಧಾನಕ್ಕೆ ಬಿಡಿಸಿದ ಕಾರ್ಡ್ ಸಾಕು.

ಮತ್ತೆ, ಹಾಡಿನ ಸಾಲೇ ಮಟ್ಟು ಅಂತ ನಂಬಬೇಡಿ. ಪುಚಿನಿಯ 'ಟೋಸ್ಕಾ' ತಗೊಳ್ಳಿ, 1900ರ ಜನವರಿ 14ರಂದು ರೋಮ್‌ನಲ್ಲಿ ಮೊದಲು ಆಡಿದ್ದು. ಮೂರನೇ ಅಂಕದಲ್ಲಿ ಟೆನರ್ ನಕ್ಷತ್ರಗಳನ್ನು ನೆನೆದು ಹಾಡುವ ಆ ಹಾಡು ಎಲ್ಲರಿಗೂ ಗೊತ್ತು. ಶುರುವಿನಲ್ಲಿ ಅವನು ಏನು ಹಾಡುತ್ತಾನೆ? ಹೆಚ್ಚು ಕಡಿಮೆ ಒಂದೇ ಸ್ವರದ ಮೇಲೆ ಮಾತಾಡುತ್ತಿರುತ್ತಾನೆ. ಜನ ಗುನುಗುವ ಮಟ್ಟು ಅಲ್ಲಿ ಕ್ಲಾರಿನೆಟ್‌ನದ್ದು. ಅವನು ಅದನ್ನು ಕೈಗೆತ್ತಿಕೊಳ್ಳುವುದು ಪ್ರೇಯಸಿಯ ಮುತ್ತುಗಳ ನೆನಪು ಬಂದಾಗ. ಯಾರೋ ಒಬ್ಬರು ಹಾಡಿನ ಸಾಲನ್ನು ಹಾಗೇ ಸೆಲ್ಲೊಗೆ ಇಳಿಸಿ ತಂದು ನನ್ನ ಮುಂದೆ ಇಟ್ಟಿದ್ದರು. ಎಂಟು ಸಲ ಎಫ್ ಶಾರ್ಪ್, ಆಮೇಲೆ ಮತ್ತೆ ಎಫ್ ಶಾರ್ಪ್. ಬಾಗಿಲು ತಟ್ಟಿದ ಹಾಗೆ ಇತ್ತು.

ಹಂಚಿಕೊಳ್ಳುವುದು ಹೇಗೆ ಅಂತ ನೋಡಬೇಕಾದರೆ ಬೀಥೋವನ್ ಹತ್ತಿರ ಹೋಗಿ. ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್' 1791ರಲ್ಲಿ ಬಂತು. ಹತ್ತು ವರ್ಷದ ನಂತರ, 1801ರಲ್ಲಿ, ಅದರ ಒಂದು ಯುಗಳ ಗೀತೆಯ ಮೇಲೆ ಬೀಥೋವನ್ ಸೆಲ್ಲೊ-ಪಿಯಾನೊಗೆ ಏಳು ವೇರಿಯೇಶನ್ ಬರೆದ. ಅಲ್ಲಿ ಪಮೀನಾ ಒಂದು ಸಾಲು ಹಾಡಿದರೆ ಪಾಪಗೇನೊ ಇನ್ನೊಂದು ಸಾಲು ಹಾಡುತ್ತಾನೆ. ಬೀಥೋವನ್ ಮೊದಲ ಪುಟದಲ್ಲೇ ಒಂದು ಸಾಲು ಪಿಯಾನೊಗೆ, ಉತ್ತರ ಸೆಲ್ಲೊಗೆ ಕೊಡುತ್ತಾನೆ. ಇಬ್ಬರೂ ಮಾತಾಡುತ್ತಾರೆ, ಒಬ್ಬರು ಇನ್ನೊಬ್ಬರಿಗೆ ಚಾಮರ ಬೀಸುವುದಿಲ್ಲ.

ಪಕ್ಕದಲ್ಲೇ ಶೋಪನ್ ಮತ್ತು ಫ್ರಾಂಕೊಮ್ ಸೇರಿ ಬರೆದ ಗ್ರ್ಯಾಂಡ್ ಡುವೊ ಕೂಡ ಕೇಳಿ. ಮೈಯರ್‌ಬೇರ್‌ನ 'ರಾಬರ್ಟ್ ಲ ದ್ಯಾಬ್ಲ್' 1831ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಬಂತು, ಊರಿಗೆ ಊರೇ ಹುಚ್ಚಾಯಿತು, ಮುಂದಿನ ವರ್ಷವೇ ಇವರಿಬ್ಬರೂ ಅದರ ಮಟ್ಟುಗಳನ್ನು ಹಿಡಿದು ಕೂತರು. ಸೆಲ್ಲೊ ಭಾಗ ಸೆಲ್ಲೊದವನಾದ ಫ್ರಾಂಕೊಮ್ ನೋಡಿಕೊಂಡ. ಆದರೂ ಪಿಯಾನೊ ಮುಂದೆ ಮುಂದೆ ಓಡುತ್ತದೆ. ನಮಗೆ ಖುಷಿ, ನಿಮಗೆ ಎಚ್ಚರಿಕೆ.

ಪಿಟೀಲು_ಮೇಷ್ಟ್ರು:

ನನಗೆ ಒಪೆರಾ ಅಷ್ಟಾಗಿ ಗೊತ್ತಿಲ್ಲ. ಮೈಸೂರಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತದ ಪಿಟೀಲು ಹೇಳಿಕೊಡುತ್ತೇನೆ. ಆದರೆ ಆ ಸ್ಕೇಲ್ ಅಭ್ಯಾಸ ಅಂದಿರಲ್ಲ, ಆ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ದಿನಾ ಸಂಜೆ ಐದು ಗಂಟೆಗೆ ನಮ್ಮ ಮನೆಯಲ್ಲೇ ಕೇಳುತ್ತದೆ.

ನಮ್ಮಲ್ಲಿ ಕೃತಿ ನುಡಿಸುವಾಗ ಸಾಹಿತ್ಯವನ್ನು ಮನಸ್ಸಿನಲ್ಲಿ ಹಾಡಿಕೊಂಡೇ ಕಮಾನು ಹಾಕುವುದು. ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ಕಮಾನು ತಿರುಗಬೇಕು ಇಲ್ಲವೇ ಒಂದು ಒತ್ತು ಬೀಳಬೇಕು. ಸಾಹಿತ್ಯ ಗೊತ್ತಿಲ್ಲದೆ ಸ್ವರ ಮಾತ್ರ ಕಲಿತ ಹುಡುಗ ಎಲ್ಲವನ್ನೂ ನಾಲ್ಕು ನಾಲ್ಕಾಗಿ ಒಂದೇ ಕಮಾನಿಗೆ ಕಟ್ಟಿಬಿಡುತ್ತಾನೆ. ಸ್ವರ ಸರಿ ಇರುತ್ತದೆ, ಪದ ಇರುವುದಿಲ್ಲ. ನಿಮ್ಮ ಹಬನೇರಾದ ಸ್ವರದ ಕೆಳಗೆ ಆ ಫ್ರೆಂಚ್ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಪ್ರೀತಿ ಅಂದರೆ ಪಳಗದ ಹಕ್ಕಿ ಅಂತ ತಾನೇ ಅದರ ಅರ್ಥ? ಮೊದಲು ಬಾಯಲ್ಲಿ ಹೇಳಿ, ಆಮೇಲೆ ಒಂದೇ ಸ್ವರದ ಮೇಲೆ ಆ ಮಾತಿನ ಲಯವನ್ನು ಕಮಾನಿನಲ್ಲಿ ಹೇಳಿ, ಆಮೇಲೆ ಮಟ್ಟು ಸೇರಿಸಿ. ಮೂರು ದಿನ ಸಾಕು. ಪಿಯಾನೊ ನುಡಿಸಿದರೂ ಇದು ಬೇಕು, ನಿಮ್ಮ ತಂಗಿಗೂ ಹೇಳಿ.

ಜಾರು ಜಾಸ್ತಿ ಹಾಕಬೇಡಿ. ಅರ್ಧರ್ಧ ಸ್ವರ ಇಳಿಯುವ ಕಡೆ ಬೆರಳು ತಾನಾಗಿ ಜಾರಲು ನೋಡುತ್ತದೆ. ಎಲ್ಲ ಕಡೆ ಜಾರಿದರೆ ಪಾಯಸಕ್ಕೆ ಬೆಲ್ಲ ಸುರಿದ ಹಾಗೆ. ಒಂದು ಜಾಗ ಆರಿಸಿಕೊಳ್ಳಿ, ಅಲ್ಲಿ ಮಾತ್ರ.

ವಿಧಿಯ ಮಟ್ಟು ಅಂತ ಹೇಳಿದರಲ್ಲ, ಕುತೂಹಲಕ್ಕೆ ಹುಡುಕಿ ಕೇಳಿದೆ. ಡಿಯನ್ನು ಷಡ್ಜ ಅಂತ ಹಿಡಿದರೆ ಅದರಲ್ಲಿ ನಿಷಾದದಿಂದ ಧೈವತಕ್ಕೆ ಬೀಳುವ ಒಂದು ದೊಡ್ಡ ಸಂದು ಇದೆ. ನಮ್ಮ ಮಾಯಾಮಾಳವಗೌಳದ ನಿ-ದ ಅಷ್ಟೇ ಅಗಲ. ಮೊದಲ ಪಾಠದ ಮಕ್ಕಳು ಅಲ್ಲೇ ಅಪಶ್ರುತಿ ನುಡಿಸುತ್ತಾರೆ, ಸಂದನ್ನು ಚಿಕ್ಕದು ಮಾಡಿಬಿಡುತ್ತಾರೆ. ನೀವು ಅದನ್ನು ಪೂರ್ತಿ ತೆರೆದು ನುಡಿಸಿ, ಆಗಲೇ ಅದರ ಭಯ ಬರುವುದು.

ಒಂದು ಸಂದೇಹ. ಎಲ್ಲವೂ ಡಿಯಲ್ಲಿ ಇದ್ದರೆ ತಪ್ಪೇನು? ನಾವು ಮೂರು ಗಂಟೆ ಕಛೇರಿಯನ್ನು ಒಂದೇ ಶ್ರುತಿಯಲ್ಲಿ ಮಾಡುತ್ತೇವಪ್ಪ.

ಮೈನ್_ದಂಡೆ:

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ನಿಮ್ಮಲ್ಲಿ ಶ್ರುತಿ ನಿಲ್ಲುತ್ತದೆ, ರಾಗ ಬದಲಾಗುತ್ತದೆ. ತೋಡಿ ಮುಗಿದು ಕಾನಡಾ ಬಂದರೆ ಬೇರೆ ಊರಿಗೆ ಬಂದ ಹಾಗೆ ಆಗುತ್ತದೆ, ಷಡ್ಜ ಅದೇ ಇದ್ದರೂ. ಇಲ್ಲಿ ಇರುವುದು ಮೇಜರ್, ಮೈನರ್ ಅಂತ ಎರಡೇ ಬಣ್ಣ. ಊರು ಬದಲಾಯಿತು ಅಂತ ಗೊತ್ತಾಗಬೇಕಾದರೆ ಷಡ್ಜವೇ ಸರಿಯಬೇಕು. ಹಬನೇರಾ ಮೊದಲೇ ಒಂದೇ ಡಿಗೆ ಅಂಟಿಕೊಂಡ ಹಾಡು. ಅದಾದ ಮೇಲೆ ಹೂವಿನ ಹಾಡೂ ಡಿಯಲ್ಲಿ ಬಂದರೆ ಕಿವಿ ಅಲ್ಲೇ ಕೂತು ತೂಕಡಿಸುತ್ತದೆ. ಬಿಜೆ ಹೂವಿನ ಹಾಡು ಬರೆದದ್ದು ಡಿ ಫ್ಲ್ಯಾಟ್ ಮೇಜರ್‌ನಲ್ಲಿ. ಅರ್ಧ ಸ್ವರ ಕೆಳಗೆ, ಅಷ್ಟೇ, ಆದರೆ ನೆಲ ಕುಸಿದ ಹಾಗೆ.

ಸೆಲ್ಲೊದವರಿಗೆ ಡಿ ಫ್ಲ್ಯಾಟ್ ಅಂದರೆ ಕಷ್ಟ, ತಂತಿಗಳು ಅಷ್ಟಾಗಿ ಜೊತೆಗೆ ಮೊಳಗುವುದಿಲ್ಲ. ಡಿಯಲ್ಲಿ ಪೆಟ್ಟಿಗೆ ಪೂರ್ತಿ ಹಾಡುತ್ತದೆ. ಹಾಗಂತ ಎಲ್ಲ ಕಡೆ ಮೊಳಗುವುದೇ ಒಳ್ಳೆಯದಾ? ಹೊಸೆ ಜೈಲಿನಲ್ಲಿ ಆ ಬಾಡಿದ ಹೂವನ್ನು ಇಟ್ಟುಕೊಂಡು ಕೂತಿದ್ದನ್ನು ಹೇಳುತ್ತಿದ್ದಾನೆ. ಸ್ವಲ್ಪ ಮುಚ್ಚಿಕೊಂಡ ದನಿ ಅಲ್ಲಿ ಸರಿಯಾಗೇ ಇದೆ. ಹಬನೇರಾ ಡಿಯಲ್ಲಿ ತೆರೆದು ಮೊಳಗಿದ ಮೇಲೆ ಇದು ಮುಚ್ಚಿಕೊಂಡರೆ ವ್ಯತ್ಯಾಸ ಜನಕ್ಕೆ ಹೊಟ್ಟೆಯಲ್ಲಿ ಗೊತ್ತಾಗುತ್ತದೆ, ಕಾರಣ ಗೊತ್ತಾಗದಿದ್ದರೂ.

ಹಕ್ಕು_ಬಾಧ್ಯತೆ:

ಸಂಗೀತ ನಿಮ್ಮ ಪಾಲಿಗೆ, ಕಾನೂನು ನನ್ನ ಪಾಲಿಗೆ. ಬಿಜೆ ಸತ್ತದ್ದು 1875ರ ಜೂನ್ 3ರಂದು, ಒಪೆರಾ ಮೊದಲು ಆಡಿದ ಮೂರು ತಿಂಗಳಿಗೆ, ಇನ್ನೂ 36 ವರ್ಷ. ಅವನ ಮಟ್ಟುಗಳಿಗೆ ಈಗ ಯಾವ ದೇಶದಲ್ಲೂ ತಕರಾರಿಲ್ಲ. ಭಾರತದಲ್ಲಿ ಸಂಗೀತ ರಚಿಸಿದವನು ಸತ್ತ ಮೇಲೆ 60 ವರ್ಷ, ಜರ್ಮನಿಯಲ್ಲಿ 70. ಈ ಹತ್ತು ವರ್ಷದ ಸಂದಿನಲ್ಲಿ ಜನ ಸಿಕ್ಕಿಬೀಳುತ್ತಾರೆ. ಪುಲೆಂಕ್ 1963ರಲ್ಲಿ ತೀರಿಕೊಂಡ. ಅವನ ಒಪೆರಾದ ಮಟ್ಟು ಹಿಡಿದು ಏನಾದರೂ ಬರೆದರೆ ಬೆಂಗಳೂರಿನಲ್ಲಿ ನುಡಿಸಬಹುದು, ಅದೇ ಹಾಳೆ ಹಿಡಿದು ಮೈನ್ ದಂಡೆಯವರ ಊರಿಗೆ ಹೋದರೆ 2033ರ ಕೊನೆಯವರೆಗೆ ಅನುಮತಿ ಬೇಕು.

ನಿಮ್ಮ ವಿಷಯದಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. ವ್ಯಾಕ್ಸ್‌ಮನ್ ಬರೆದ ಇನ್ನೊಂದು ಕಾರ್ಮೆನ್ ಫ್ಯಾಂಟಸಿ ಇದೆ, 1940ರ ದಶಕದ್ದು, ಸಿನಿಮಾಕ್ಕೆ ಮಾಡಿದ್ದು. ಅವನು ಸತ್ತದ್ದು 1967. ಅವನ ಜೋಡಣೆ, ಮಟ್ಟುಗಳ ನಡುವೆ ಅವನು ಹಾಕಿದ ಸೇತುವೆಗಳನ್ನು ಎತ್ತಿಕೊಳ್ಳಬೇಡಿ, ಮಟ್ಟು ಬಿಜೆಯದ್ದೇ ಆದರೂ ಆ ಕೆಲಸ ಇವನದ್ದು. ಹಾಗೇ ಹೊಸ ಸಂಪಾದಿತ ಆವೃತ್ತಿಗಳಿಗೆ ಅವರದ್ದೇ ಹಕ್ಕು ಇರಬಹುದು. 1875ರಲ್ಲೇ ಶೂದಾಂಸ್ ಪ್ರಕಾಶನದಿಂದ ಬಂದ ಹಳೆಯ ಸ್ಕೋರ್ ಹಿಡಿದುಕೊಳ್ಳಿ, ಅದರ ಸ್ಕ್ಯಾನ್ ಸಿಗುತ್ತದೆ.

ಅಂದ ಹಾಗೆ ಹಬನೇರಾ ಮೂಲದಲ್ಲಿ ಬಿಜೆಯದ್ದೇ ಅಲ್ಲ. ಜನಪದ ಹಾಡು ಅಂದುಕೊಂಡು ಬಳಸಿಕೊಂಡಿದ್ದ, ಆಮೇಲೆ ನೋಡಿದರೆ ಅದು ಇರಾದಿಯೆರ್ ಎಂಬ ಸ್ಪೇನಿನ ಸಂಗೀತಗಾರ ಬರೆದದ್ದು. ಆತ 1865ರಲ್ಲೇ ತೀರಿಹೋಗಿದ್ದ. ಬಿಜೆ ಸ್ಕೋರ್‌ನಲ್ಲಿ ಒಂದು ಟಿಪ್ಪಣಿ ಹಾಕಿ ಋಣ ಒಪ್ಪಿಕೊಂಡ. ನೀವು ಕಾರ್ಯಕ್ರಮದ ಹಾಳೆಯಲ್ಲಿ ಆ ಹೆಸರು ಹಾಕಿದರೆ ಕಾನೂನಿಗೆ ಬೇಕಿಲ್ಲ, ನನಗೆ ಖುಷಿ.

ಮಂದ್ರ_ತಂತಿ:

ಎಲ್ಲರಿಗೂ ದೊಡ್ಡ ನಮಸ್ಕಾರ. ಮೂರು ವಾರ ಆಯಿತು, ಉತ್ತರ ಕೊಡಲು ತಡ ಆದದ್ದಕ್ಕೆ ಕ್ಷಮಿಸಿ. ನಿಜವಾಗಿಯೂ ಹರಿದು ಹಾಕಿ ಶುರು ಮಾಡಿದೆ.

ಹಬನೇರಾದ ಮಟ್ಟು ಬಿಟ್ಟುಕೊಡಲು ಮೊದಲು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಸಭೆಯಲ್ಲಿ ನನ್ನ ಸೆಲ್ಲೊ ಮುಂದೆ ಇರುತ್ತದೆ, ನಾನು ಕೂತು ಡಿ, ಎ, ಎಫ್, ಎ ಮೀಟುತ್ತಿರಬೇಕು, ಅತ್ತ ತಂಗಿ ಮೆರೆಯುತ್ತಾಳೆ. ಒಂದು ವಾರ ನುಡಿಸಿದ ಮೇಲೆ ಗೊತ್ತಾಯಿತು, ಆ ನಾಲ್ಕು ಸ್ವರವನ್ನು ಬೇಸರ ಬಾರದ ಹಾಗೆ, ಆದರೆ ಮುಖದಲ್ಲಿ ಏನೂ ತೋರಿಸದೆ ಒಂದೂವರೆ ನಿಮಿಷ ನುಡಿಸುವುದು ಎಷ್ಟು ಕಷ್ಟ ಅಂತ. ಮೇಷ್ಟ್ರು ಹೇಳಿದ ಹಾಗೆ ತಂಗಿಗೆ ಫ್ರೆಂಚ್ ಮಾತು ಕನ್ನಡದಲ್ಲಿ ಬರೆದು ಕೊಟ್ಟೆ. ಅವಳು ಅಡುಗೆ ಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಅದನ್ನೇ ಹೇಳಿಕೊಳ್ಳುತ್ತಿದ್ದಾಳೆ, ಚಿಕ್ಕಮ್ಮ ಇದೇನು ಮಂತ್ರ ಅಂತ ಕೇಳಿದರಂತೆ.

ಹೂವು ಬೀಳುವ ಜಾಗದಲ್ಲಿ ಪಿಯಾನೊ ಪೂರ್ತಿ ನಿಲ್ಲುತ್ತದೆ. ನಾನು ಒಬ್ಬಳೇ ವಿಧಿಯ ಮಟ್ಟು ನುಡಿಸುತ್ತೇನೆ, ಆ ನಿ-ದ ಸಂದನ್ನು ಪೂರ್ತಿ ತೆರೆದು. ಜಿಪ್ಸಿ ಕುಣಿತ ಕಥೆಗೆ ಹೊಂದಲಿಲ್ಲ. ಆ ಹೊತ್ತಿಗೆ ಹೊಸೆ ಅಲ್ಲಿಗೆ ಬಂದೇ ಇರುವುದಿಲ್ಲವಲ್ಲ. ತೆಗೆದೆ. ಅದನ್ನು ಬೇರೆಯಾಗಿ, ಜನ ಒನ್ಸ್ ಮೋರ್ ಅಂದರೆ ನುಡಿಸಲು ಇಟ್ಟುಕೊಂಡಿದ್ದೇವೆ. ಯಾರೂ ಅನ್ನದಿದ್ದರೆ ಚಿಕ್ಕಪ್ಪನಿಗೆ ಅನ್ನಲು ಹೇಳಿದ್ದೇವೆ. ಒಂಬತ್ತು ನಿಮಿಷ ಇದ್ದದ್ದು ಈಗ ಏಳಕ್ಕೆ ಇಳಿದಿದೆ.

ಈಗ ಉಳಿದದ್ದು ತುದಿಯ ಸ್ವರ. ಡಿ ಫ್ಲ್ಯಾಟ್‌ನಲ್ಲಿ ಅದು ಬಿ ಫ್ಲ್ಯಾಟ್. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಅಲ್ಲಿಗೆ ಹೋಗಬೇಕು, ಅದೂ ಬಿಜೆ ಪಿಯಾನಿಸ್ಸಿಮೊ ಅಂತ ಬರೆದಿದ್ದಾನೆ. ಜೋರಾಗಿ ಆದರೆ ಬರುತ್ತದೆ. ಮೆತ್ತಗೆ ಅಂದರೆ ಕಮಾನು ಒದರುತ್ತದೆ. ತಂಗಿ ಒಂದು ಐಡಿಯಾ ಕೊಟ್ಟಳು. ಎಲ್ಲವನ್ನೂ ಸಿ ಮೇಜರ್‌ಗೆ ಇಳಿಸಿದರೆ ತುದಿಯ ಸ್ವರ ಎ ಆಗುತ್ತದೆ. ಅದು ಎ ತಂತಿಯ ಸರಿ ಅರ್ಧದಲ್ಲಿ ಇರುವ ಹಾರ್ಮೋನಿಕ್. ಬೆರಳು ಸುಮ್ಮನೆ ಮುಟ್ಟಿದರೆ ಸಾಕು, ಹೂವಿನ ಹಾಗೆ ಬರುತ್ತದೆ. ಮಾಡಲಾ?

ಮೈನ್_ದಂಡೆ:

ನಿಮ್ಮ ತಂಗಿ ಜಾಣೆ. ಕೆಲಸ ಆಗುತ್ತದೆ. ಆದರೆ ಒಂದು ಸಲ ಎರಡೂ ರೆಕಾರ್ಡ್ ಮಾಡಿ ಕೇಳಿ. ಹಾರ್ಮೋನಿಕ್ ತಣ್ಣಗಿರುತ್ತದೆ, ಅದರಲ್ಲಿ ಬೆರಳು ಅಲ್ಲಾಡಿಸಿದರೂ ಏನೂ ಆಗುವುದಿಲ್ಲ. ದೂರದ ದೀಪದ ಹಾಗೆ. ಬೇರೆ ಹಾಡಿಗೆ ಚೆನ್ನ. ಇಲ್ಲಿ ಅವನು ಅವಳ ಮುಂದೆ ಮಂಡಿಯೂರುವ ಸ್ಥಿತಿಯಲ್ಲಿ ಇದ್ದಾನೆ, ನಾನು ನಿನ್ನ ವಸ್ತು ಆಗಿಹೋದೆ ಅಂತಿದ್ದಾನೆ. ಆ ಸ್ವರದಲ್ಲಿ ಸ್ವಲ್ಪ ಚರ್ಮ ಬೇಕು.

ಡಿ ಫ್ಲ್ಯಾಟ್ ಬಿಡಬೇಡಿ. ಮೆಟ್ಟಿಲು ಹತ್ತುವ ಮೊದಲೇ ಹೆಬ್ಬೆರಳನ್ನು ಆ ಹಾರ್ಮೋನಿಕ್ ಜಾಗದಲ್ಲಿ, ಎ ಮತ್ತು ಡಿ ಎರಡೂ ತಂತಿಗೆ ಅಡ್ಡ ಇಟ್ಟುಬಿಡಿ. ಅಲ್ಲಿ ಕೈಗೆ ಗುರುತು ಇದೆ, ಕಣ್ಣು ಮುಚ್ಚಿದರೂ ಸಿಗುತ್ತದೆ. ಬಿ ಫ್ಲ್ಯಾಟ್ ಹೆಬ್ಬೆರಳಿನ ಪಕ್ಕದಲ್ಲೇ, ಅರ್ಧ ಸ್ವರ ಮೇಲೆ, ತೋರುಬೆರಳಿಗೆ. ಹತ್ತುವ ಸ್ವರಗಳಲ್ಲಿ ಸಾಧ್ಯವಾದಷ್ಟನ್ನು ಡಿ ತಂತಿ ಮೇಲೇ ತಗೊಳ್ಳಿ, ಕೊನೆಗೆ ದಾಟಿ. ಆಗ ನೆಗೆಯುವ ಕೆಲಸವೇ ಇಲ್ಲ. ಕಮಾನು ಒದರುವುದು ಯಾಕೆ ಅಂದರೆ ಮೆತ್ತಗೆ ಅಂತ ಹೆದರಿ ನೀವು ಬೆರಳಹಲಗೆ ಕಡೆಗೆ ಹೋಗಿ ನಿಧಾನ ಎಳೆಯುತ್ತಿದ್ದೀರಿ ಅಂತ ನನ್ನ ಊಹೆ. ತಂತಿ ಅಷ್ಟು ಮೇಲೆ ಹಿಡಿದಾಗ ಚಿಕ್ಕದಾಗಿರುತ್ತದೆ, ಕಮಾನು ತಂತಿಗಳನ್ನು ಎತ್ತಿ ಹಿಡಿಯುವ ಸೇತುವೆ ಹತ್ತಿರ ಬರಬೇಕು. ತೂಕ ಕಡಿಮೆ, ವೇಗ ಸ್ವಲ್ಪ ಜಾಸ್ತಿ.

ಮಂದ್ರ_ತಂತಿ:

ಹೆಬ್ಬೆರಳು ಇಟ್ಟು ನೋಡಿದೆ. ಹತ್ತರಲ್ಲಿ ಆರು ಸಲ ಬಂತು! ಮೊದಲು ಹತ್ತರಲ್ಲಿ ಒಂದಿತ್ತು. ಕಮಾನು ಎಲ್ಲಿ ಹೋಗುತ್ತಿತ್ತು ಅಂತ ಹೇಗೆ ಗೊತ್ತಾಯಿತು ನಿಮಗೆ?

ಎರಡೂ ರೆಕಾರ್ಡ್ ಮಾಡಿ ಚಿಕ್ಕಪ್ಪನಿಗೆ ಕೇಳಿಸಿದೆ. ಸಿ ಮೇಜರ್‌ನದ್ದು ಶುದ್ಧವಾಗಿದೆ, ಆದರೆ ಎರಡನೆಯದರಲ್ಲಿ ಯಾರೋ ಇದ್ದಾರೆ ಅಂದರು. ಹಾಗಾಗಿ ಡಿ ಫ್ಲ್ಯಾಟ್ ಖಾಯಂ.

ಕೊನೇ ಸಣ್ಣ ಪ್ರಶ್ನೆ, ಇದು ಪಿಯಾನೊದವರಿಗೆ. ತಂಗಿಗೆ ಹಾಳೆ ತಿರುಗಿಸಲು ಪುರುಸೊತ್ತೇ ಸಿಗುತ್ತಿಲ್ಲ. ಪಕ್ಕದಲ್ಲಿ ಒಬ್ಬರನ್ನು ಕೂರಿಸಲು ಆ ಹಾಲ್‌ನಲ್ಲಿ ಜಾಗ ಇಲ್ಲ. ಟ್ಯಾಬ್ ಮತ್ತೆ ಕಾಲಿನ ಪೆಡಲ್ ಕೊಂಡುಕೊಳ್ಳಬೇಕಾ?

ಕಪ್ಪು_ಬಿಳಿ_ಮನೆ:

ದುಡ್ಡು ಉಳಿಸಿ. ಹೂವು ಬಿದ್ದಾಗ ನೀವೊಬ್ಬರೇ ನುಡಿಸುತ್ತೀರಿ ಅಂದಿರಲ್ಲ, ಅಲ್ಲಿ ಅವರ ಎರಡೂ ಕೈ ಖಾಲಿ. ಮೊದಲ ಪುಟ ಅಲ್ಲಿಗೆ ಮುಗಿಯುವ ಹಾಗೆ ಸಾಲುಗಳನ್ನು ಹಿಗ್ಗಿಸಿ ಪ್ರಿಂಟ್ ತೆಗೆಯಿರಿ. ಹಾಳೆ ದಪ್ಪ ಇರಲಿ, ಸದ್ದು ಮಾಡಬಾರದು. ಮತ್ತೆ ಅವರಿಗೆ ಹೇಳಿ, ನಿಮ್ಮ ಮೊದಲ ಸ್ವರಕ್ಕೆ ತಿರುಗಿಸುವುದು ಬೇಡ, ಎರಡನೇ ಸಾಲು ಶುರುವಾದ ಮೇಲೆ ತಿರುಗಿಸಲಿ.